ಎತ್ತಬಾರದ ಫೋನು

ನಮ್ಮ ಮನೆಗೆ ಫೋನು ಮಾಡುವವರು ಎರಡು ಸಲ ಮಾಡಬೇಕು. ಮೊದಲನೆಯದನ್ನು ನಾವು ಎತ್ತುವುದಿಲ್ಲ. ಕಡ್ಡಿರಾಂಪುರದಲ್ಲಿ ಇದು ಎಲ್ಲರಿಗೂ ಗೊತ್ತು, ಸಿಲಿಂಡರ್ ಗಾಡಿಯವನಿಗೂ ಗೊತ್ತು. ಹೊಸಬರು ಸಿಡಿಮಿಡಿ ಮಾಡುತ್ತಾರೆ. ಎತ್ತದಿದ್ದ ಮೇಲೆ ಫೋನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಒಬ್ಬಳು ನನ್ನನ್ನೇ ಕೇಳಿದಳು, ಸಾಲ ಬೇಕೇ ಎಂದು ವಿಚಾರಿಸಲು ಮಾಡಿದವಳು. ನಿನ್ನಂಥವರಿಗಾಗಿಯೇ ಇಟ್ಟುಕೊಂಡಿದ್ದೇವೆ ತಾಯಿ ಅಂದು ಕಟ್ ಮಾಡಿದೆ. ಆದರೆ ಯಾರದಾದರೂ ಫೋನು ಒಂದೇ ಒಂದು ಸಲ ಹೊಡೆದುಕೊಂಡು ನಿಂತುಬಿಟ್ಟರೆ, ಇವತ್ತಿಗೂ ಅವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ಗೋಡೆಯ ಕಡೆ ನೋಡುತ್ತ ಕೂರುತ್ತಾಳೆ. ಆಗ ಅವಳನ್ನು ಮಾತಾಡಿಸುವ ಧೈರ್ಯ ನನಗಿಲ್ಲ.

ಈಗ ಹೊಸಪೇಟೆ ಬಸ್ಸಿನಲ್ಲಿ ಕೂತರೆ ಪಕ್ಕದ ಸೀಟಿನವಳು ಸಮುದ್ರದಾಚೆ ಇರುವ ಗಂಡನಿಗೆ ಫೋನಿನಲ್ಲಿ ಬದನೆಕಾಯಿ ತೋರಿಸುತ್ತಿರುತ್ತಾಳೆ. ಮುಖ ನೋಡಿಕೊಂಡು, ಪುಕ್ಕಟೆಯಾಗಿ. ಉಂಡೆಯಾ, ಏನು ಉಂಡೆ, ಮತ್ತೆ ಏನು ಉಂಡೆ ಎಂದು ಕೇಳಿದ್ದನ್ನೇ ಕೇಳುತ್ತಾಳೆ. ನನಗೆ ಮೈ ಉರಿಯುತ್ತದೆ. ಹೊಟ್ಟೆಕಿಚ್ಚು ಅನ್ನಿ ಬೇಕಾದರೆ, ಇಲ್ಲ ಅನ್ನುವುದಿಲ್ಲ. ಆ ಒಂದು ಪ್ರಶ್ನೆ ನಮ್ಮ ಮನೆಯಲ್ಲಿ ಕಾರ್ಡನ್ನು ಎಷ್ಟು ನುಂಗುತ್ತಿತ್ತು ಎಂಬುದು ನನಗೆ ಮಾತ್ರ ಗೊತ್ತು.

ಕಾರ್ಡು ಅಂದರೆ ಈಗಿನವರಿಗೆ ಎಟಿಎಮ್ಮಿನದು ನೆನಪಾಗುತ್ತದೆ. ನಾನು ಹೇಳುತ್ತಿರುವುದು ಹೊರದೇಶಕ್ಕೆ ಮಾತಾಡುವ ಕಾರ್ಡು. ದಪ್ಪ ಕಾಗದದ ತುಂಡು, ಮೇಲೆ ವಿಮಾನದ್ದೋ ನಗುವ ಹೆಂಗಸಿನದೋ ಚಿತ್ರ. ಹಿಂದಿರುವ ಬೂದು ಪಟ್ಟಿಯನ್ನು ನಾಣ್ಯದಿಂದ ಕೆರೆದರೆ ಒಂದು ಉದ್ದನೆಯ ನಂಬರು ಕಾಣುತ್ತದೆ. ಮೊದಲು ಆ ಊರಿನದೇ ಒಂದು ನಂಬರಿಗೆ ಫೋನು ಮಾಡಬೇಕು. ಅಲ್ಲಿ ರೆಕಾರ್ಡು ಮಾಡಿಟ್ಟ ಹೆಂಗಸಿನ ದನಿ ಬರುತ್ತದೆ. ಅವಳು ಕೇಳಿದಾಗ ಕೆರೆದ ನಂಬರು ಒತ್ತಬೇಕು, ಆಮೇಲೆ ಮನೆಯ ನಂಬರು. ನಿಮ್ಮ ಹತ್ತಿರ ಇಷ್ಟು ನಿಮಿಷ ಇದೆ ಎಂದು ಹೇಳಿ ಅವಳು ದಾರಿ ಬಿಡುತ್ತಾಳೆ. ಅವಳು ಹೇಳಿದಷ್ಟು ನಿಮಿಷ ಯಾವತ್ತೂ ಇರುತ್ತಿರಲಿಲ್ಲ.

ಇದೆಲ್ಲ ನನಗೆ ಗೊತ್ತಿದ್ದದ್ದು ಯಾಕೆಂದರೆ ನಾನು ಹಂಪಿಯಲ್ಲಿ ಒಂದು ಐಎಸ್‌ಡಿ ಬೂತಿನಲ್ಲಿ ಕೂರುತ್ತಿದ್ದೆ. ಗಾಜಿನ ಬಾಗಿಲಿನ ಸಣ್ಣ ಗೂಡು, ಅದರೊಳಗೆ ಒಂದು ಫೋನು. ಬಿಳಿ ಜನ ಒಳಗೆ ನಿಂತು ಬೆವರು ಸುರಿಸುತ್ತ ತಮ್ಮ ಅವ್ವಂದಿರ ಜೊತೆ ಮಾತಾಡುತ್ತಿದ್ದರು. ಮಾಲೀಕ ಬೂತಿನ ಜೊತೆಗೆ ಕಾರ್ಡುಗಳನ್ನೂ ಮಾರುತ್ತಿದ್ದ. ಕಾರ್ಡು ನಡುವೆ ಕೈಕೊಟ್ಟರೆ ಗಿರಾಕಿ ಬೈಯುವುದು ನನ್ನನ್ನು. ಬೈಸಿಕೊಂಡೇ ಕಲಿತೆ. ಮೇಲೆ ದೊಡ್ಡ ಅಕ್ಷರದಲ್ಲಿ ಹೆಚ್ಚು ನಿಮಿಷ ಬರೆದಿರುವ ಕಾರ್ಡೇ ಹೆಚ್ಚು ಕಳ್ಳ ಕಾರ್ಡು. ಕೆಲವು ಕಾರ್ಡು ಅತ್ತ ಕಡೆಯವರು ಹಲೋ ಅಂದ ತಕ್ಷಣ ಒಂದು ಗುಟುಕು ನುಂಗುತ್ತವೆ, ಹಾಗಾಗಿ ತುಂಡು ತುಂಡಾಗಿ ಮಾತಾಡಿದರೆ ಬರೀ ಹಲೋದಲ್ಲೇ ಮುಗಿಯುತ್ತವೆ. ಕೆಲವು, ಯಾರೂ ಎತ್ತದೆ ಬರೀ ಗಂಟೆ ಹೊಡೆದರೂ ತಿನ್ನುತ್ತವೆ. ಕೆಲವನ್ನು ಒಮ್ಮೆ ಕೆರೆದರೆ ಮುಗಿಯಿತು, ಮಾತಾಡಿದರೂ ಬಿಟ್ಟರೂ ದಿನ ಕಳೆದಂತೆ ಕರಗುತ್ತವೆ. ಮದುವೆಗೆ ಹುಡುಗನನ್ನು ನೋಡುವವರು ಕೂಡ ಇಷ್ಟು ವಿಚಾರಣೆ ಮಾಡುವುದಿಲ್ಲ.

ಅಕ್ಕ ಕುವೈತಿಗೆ ಹೋದಾಗ ನನ್ನ ಈ ವಿದ್ಯೆ ಮನೆಯ ಉಪಯೋಗಕ್ಕೆ ಬಂತು.

ಅಕ್ಕ ನನಗಿಂತ ದೊಡ್ಡವಳು, ಒಬ್ಬಳೇ ಅಕ್ಕ. ಗಂಡ ಸತ್ತ ಮೇಲೆ ಅಪ್ಪನಿಲ್ಲದ ತವರಿಗೆ ಬಂದಿದ್ದಳು. ಬಂದವಳು ಮೂಲೆ ಹಿಡಿದು ಕೂರಲಿಲ್ಲ. ನಮ್ಮ ಊರಿನ ರಸ್ತೆ ಬದಿಯ ಮನೆಗಳೆಲ್ಲ ಹಂಪಿ ನೋಡಲು ಬರುವವರಿಗೆ ರೂಮು ಬಾಡಿಗೆ ಕೊಡಲು ಶುರುಮಾಡಿದ್ದ ಕಾಲ. ನಮ್ಮ ಹಿತ್ತಲಲ್ಲೂ ಎರಡು ರೂಮು ಕಟ್ಟಿಸಬೇಕು ಎಂದು ಅವಳ ತಲೆಗೆ ಹೊಕ್ಕಿತು. ಕಡಪಾ ಕಡೆಯ ಹೆಂಗಸರು ಮನೆಗೆಲಸಕ್ಕೆ ಕುವೈತಿಗೆ ಹೋಗುವುದನ್ನು ಯಾರಿಂದಲೋ ಕೇಳಿದಳು. ಕಂಪ್ಲಿಯಲ್ಲಿ ಒಬ್ಬ ಏಜೆಂಟ್ ಇದ್ದ. ಅವ್ವ ಅತ್ತಳು, ನಾನು ಜಗಳ ಮಾಡಿದೆ, ಅವಳು ಚೀಲ ಕಟ್ಟಿದಳು. ರೂಮಿಗೆ ಸ್ಲ್ಯಾಬ್ ಹಾಕುವ ಹೊತ್ತಿಗೆ ಬಂದುಬಿಡುತ್ತೇನೆ ಅಂದಳು.

ಅಲ್ಲಿ ಅವಳ ಪಾಸ್‌ಪೋರ್ಟು ಮನೆಯೊಡತಿಯ ಬೀರುವಿನಲ್ಲಿ, ಅವಳಿಗೆ ಮೊಬೈಲು ಇಲ್ಲ. ಅದೇ ಕಟ್ಟಡದ ಮೇಲಿನ ಮನೆಯಲ್ಲಿ ಒಂದು ತೆಲುಗು ಹುಡುಗಿ ಕೆಲಸಕ್ಕಿದ್ದಳು. ಆ ಮನೆಯ ಸಾಮಾನು ಇಡುವ ಕೋಣೆಯಲ್ಲಿ ಒಂದು ಹಳೆ ಫೋನು. ಅದರಿಂದ ಹೊರದೇಶಕ್ಕೆ ಹೋಗದ ಹಾಗೆ ಲಾಕ್ ಮಾಡಿಸಿದ್ದರು. ಕಾರ್ಡಿಗೆ ಅದು ಅಡ್ಡಿಯಲ್ಲ. ಕಾರ್ಡಿನ ನಂಬರು ಅದೇ ಊರಿನದಲ್ಲವೇ. ಬೆಳಗಿನ ಜಾವ ಮನೆಯವರು ಏಳುವ ಮುಂಚೆ ಅಕ್ಕ ಕಸದ ಚೀಲ ಹಿಡಿದು ಮೇಲೆ ಹತ್ತುತ್ತಿದ್ದಳು, ಆ ಹುಡುಗಿ ಬಾಗಿಲು ತೆಗೆಯುತ್ತಿದ್ದಳು. ನಮ್ಮ ಬಾಗಿಲ ಮುಂದೆ ಹಂಪಿಯ ಬಸ್ಸು ಹಾದುಹೋಗುವ ಹೊತ್ತು ಅದು. ಕಾರ್ಡಿನ ಫೋನು ಎಲ್ಲೆಲ್ಲೋ ಸುತ್ತಿ ಬರುವುದರಿಂದ ನಮ್ಮ ಫೋನಿನಲ್ಲಿ ಮಾತ್ರ ಒಂದೊಂದು ದಿನ ಒಂದೊಂದು ಊರಿನ ನಂಬರು ಬರುತ್ತಿತ್ತು. ಒಮ್ಮೆ ಆ ನಂಬರಿಗೆ ತಿರುಗಿ ಮಾಡಿದರೆ ಯಾರೋ ಹಿಂದಿಯಲ್ಲಿ ನನ್ನ ವಂಶವನ್ನೆಲ್ಲ ಬೈದರು.

ಮೊದಮೊದಲು ಅಕ್ಕ ಮಾತಾಡುತ್ತಿದ್ದಳು. ಮಾತಾಡುವುದೆಲ್ಲಿ, ಅವ್ವ ಅಳುವುದು ಇವಳು ಕೇಳುವುದು. ಉಂಡೆಯೇನವ್ವ ಅಂತ ಶುರುವಾಗಿ ಎಮ್ಮೆ ಈಯುವುದರವರೆಗೆ ಹೋಗಿ, ಅವ್ವ ಮತ್ತೆ ಉಂಡೆಯೇನವ್ವ ಅನ್ನುವಷ್ಟರಲ್ಲಿ ಕಾರ್ಡು ಖಲಾಸ್. ಒಂದು ದಿನ ಅಕ್ಕ ರೇಗಿದಳು. ಈ ಅಳು ಕೇಳುವುದಕ್ಕೆ ನಾನು ದುಡಿಯುತ್ತಿಲ್ಲ, ಸಿಮೆಂಟಿಗೆ ದುಡಿಯುತ್ತಿದ್ದೇನೆ ಅಂದಳು. ಆಮೇಲೆ ನನ್ನನ್ನು ಕರೆದು ಕಾರ್ಡಿನ ವಿಚಾರ ಕೇಳಿದಳು. ನಾನು ಕಲಿತದ್ದನ್ನೆಲ್ಲ ಹೇಳಿದೆ. ನಗುವ ಹೆಂಗಸಿನ ಚಿತ್ರ ನಂಬಬೇಡ, ನಮ್ಮ ಕಡೆಯ ಕೂಲಿ ಜನ ಯಾವ ಅಂಗಡಿಯಲ್ಲಿ ಕೊಳ್ಳುತ್ತಾರೆ ನೋಡು, ಮೊದಲು ಚಿಕ್ಕದು ತಗೊಂಡು ಪರೀಕ್ಷೆ ಮಾಡು ಅಂದೆ.

ಅಕ್ಕ ಶಿಷ್ಯೆಯಾಗಿ ಗುರುವನ್ನು ಮೀರಿಸಿದಳು. ಒಡತಿಯ ಮಕ್ಕಳಿಗೆ ಐಸ್‌ಕ್ರೀಮ್ ತರುವ ನೆವದಲ್ಲಿ ಬೀದಿಯ ಅಂಗಡಿಗಳನ್ನೆಲ್ಲ ತಿರುಗಿ, ಒಂದೊಂದು ಜಾತಿಯ ಕಾರ್ಡನ್ನೂ ಕೊಂಡು ಕೆರೆದು ನೋಡಿದಳು. ಕಡೆಗೆ ಒಂದು ಮಲಯಾಳಿ ಅಂಗಡಿಯಲ್ಲಿ ತನಗೆ ಬೇಕಾದದ್ದು ಸಿಕ್ಕಿತು ಎಂದು ಹೇಳಿದಾಗ ಅವಳ ದನಿಯಲ್ಲಿದ್ದ ಖುಷಿ ಇನ್ನೂ ನನ್ನ ಕಿವಿಯಲ್ಲಿದೆ. ಬಂಗಾರ ಸಿಕ್ಕವರು ಹಾಗೆ ಹೇಳಬೇಕು. ಆ ಕಾರ್ಡಿನ ಗುಣ ಒಂದೇ. ಎತ್ತುವವರೆಗೂ ಅದು ಏನನ್ನೂ ತಿನ್ನುವುದಿಲ್ಲ, ಎಷ್ಟು ದಿನ ಇಟ್ಟರೂ ಕರಗುವುದಿಲ್ಲ.

"ದಿನಾ ಬೆಳಿಗ್ಗಿ ಒಂದ್ ಮಿಸ್‌ಕಾಲ್ ಹೊಡಿತೀನಿ. ಒಂದ್ ಸಲ ಹೊಡದು ನಿಂತ್ರ ನಾನು ಆರಾಮ ಅದೀನಂತ ತಿಳಕೊಳ್ರಿ. ಎತ್ತಬ್ಯಾಡ್ರಿ. ಮಾತಾಡೂದಿದ್ರ ಬೆನ್ನಿಗೆ ಇನ್ನೊಂದ್ ಸಲ ಹೊಡಿತೀನಿ, ಅವಾಗ ಎತ್ರಿ" ಅಂದಳು.

ಅವ್ವನಿಗೆ ಇದನ್ನು ಕಲಿಸಲು ನನ್ನ ಪ್ರಾಣ ಹೋಯಿತು. ಫೋನು ಹೊಡೆದುಕೊಂಡರೆ ಎತ್ತದೆ ಇರುವುದು ಹೇಗೆ, ಅಳುವ ಕೂಸನ್ನು ಎತ್ತಬೇಡ ಅಂದ ಹಾಗಾಯಿತು ಅನ್ನುತ್ತಿದ್ದಳು. ಒಮ್ಮೆ ಎತ್ತಿಯೂ ಬಿಟ್ಟಳು. ಅಕ್ಕ ಅತ್ತಲಿಂದ ಹಲೋ ಕೂಡ ಅನ್ನದೆ ಪಟಾರನೆ ಇಟ್ಟಳು, ಆಮೇಲೆ ಮಾತಾಡುವ ದಿನ ಅದಕ್ಕೇ ಬೈದಳು. ಅಲ್ಲಿಂದ ಮುಂದೆ ಅವ್ವ ಪಕ್ಕಾ ಆದಳು. ಗೋಡೆಯ ಗೂಡಿನಲ್ಲಿ ಫೋನು ಇಟ್ಟು, ಸ್ನಾನ ಮಾಡಿ, ಅಂಗಳಕ್ಕೆ ನೀರು ಹಾಕಿ, ವಿಭೂತಿ ಹಚ್ಚಿಕೊಂಡು ಅದರ ಎದುರು ಕೂರುತ್ತಿದ್ದಳು. ಫೋನು ಒಂದು ಸಲ ಹೊಡೆದು ನಿಲ್ಲುತ್ತಿತ್ತು. ಹೊಡದ್ಲವ್ವ ನನ್ ಮಗಳು ಅನ್ನುತ್ತ ಎದ್ದು ಹೋಗಿ ಒಲೆ ಹಚ್ಚುತ್ತಿದ್ದಳು. ಫೋನು ಬಾರದೆ ನಮ್ಮ ಮನೆಯಲ್ಲಿ ಚಹಾ ಇಲ್ಲ. ನಾನು ಬೂತಿಗೆ ತಡವಾಗಿ ಹೋಗಿ ಮಾಲೀಕನಿಂದ ಅನ್ನಿಸಿಕೊಂಡ ದಿನಗಳೂ ಇವೆ.

ಮಾತಾಡುವ ದಿನ ತಿಂಗಳಿಗೊಮ್ಮೆ ಬರುತ್ತಿತ್ತು. ಅದರಲ್ಲೂ ಅಕ್ಕ ಕೈ ಬಿಗಿ ಹಿಡಿಯುತ್ತಿದ್ದಳು. ಒಂದು ಕಾರ್ಡನ್ನು ಸ್ಲ್ಯಾಬಿನ ದಿನಕ್ಕೆಂದೇ ಪೂರ್ತಿ ಇಟ್ಟಿದ್ದೇನೆ, ಬರಲಾಗದಿದ್ದರೆ ಅವತ್ತು ಕಾಂಕ್ರೀಟು ಕಲಸುವ ಶಬ್ದ ಕೇಳುತ್ತ ಅದು ಮುಗಿಯುವವರೆಗೆ ಮಾತಾಡುತ್ತೇನೆ, ಅವ್ವ ಎಷ್ಟು ಬೇಕಾದರೂ ಅಳಲಿ ಅನ್ನುತ್ತಿದ್ದಳು. ನಾನೂ ಹೊಸಪೇಟೆಯ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಗಳಲ್ಲಿ ವಿಚಾರಿಸಿ ಇಲ್ಲಿಂದ ಅಲ್ಲಿಗೆ ಮಾತಾಡುವ ಒಂದು ಒಳ್ಳೆಯ ಕಾರ್ಡು ಹುಡುಕಿ ತಂದಿಟ್ಟೆ. ಮೇಲಿನ ಮನೆಯ ನಂಬರನ್ನು ಅಕ್ಕ ಕೊಟ್ಟಿದ್ದಳು. ಆದರೆ ಪ್ರಾಣ ಹೋಗುವಂಥದ್ದಿದ್ದರೆ ಮಾತ್ರ ಮಾಡು, ಆ ಮನೆಯೊಡತಿ ಎತ್ತಿದರೆ ಹುಡುಗಿಯ ಕೆಲಸ ಹೋಗುತ್ತದೆ ಎಂದಿದ್ದಳು. ಕಾರ್ಡು ದೇವರ ಫೋಟೋದ ಹಿಂದೆ ಕೂತಿತು.

ಹಿತ್ತಲಲ್ಲಿ ಗೋಡೆ ಎದ್ದಿತು. ಕಂಬದ ಕಬ್ಬಿಣದ ಸರಳುಗಳು ಆಕಾಶಕ್ಕೆ ಚಾಚಿಕೊಂಡಿದ್ದವು. ಸ್ಲ್ಯಾಬೊಂದು ಬಾಕಿ.

ಆಗ ಒಂದು ಬೆಳಿಗ್ಗೆ ಫೋನು ಬಸ್ಸಿನ ಹೊತ್ತಿಗೆ ಬರಲಿಲ್ಲ. ಅವ್ವ ಒಲೆ ಹಚ್ಚದೆ ಕೂತಳು. ಬಿಸಿಲು ಅಂಗಳದ ಅರ್ಧಕ್ಕೆ ಬಂದಾಗ ಹೊಡೆದುಕೊಂಡಿತು. ಅವ್ವ ಏಳಲು ಮೊಣಕಾಲಿಗೆ ಕೈ ಕೊಟ್ಟಳು. ಫೋನು ನಿಲ್ಲಲಿಲ್ಲ. ಕಟ್ಟಾಗದೆ ಅದೇ ಉಸಿರಿಗೆ ಎರಡನೆಯ ಗಂಟೆ ಹೊಡೆಯಿತು, ಮತ್ತೊಂದು ಹೊಡೆಯಿತು. ನಾನು ಗೂಡಿಗೆ ಕೈ ಹಾಕಿದೆ. ಅವ್ವ ನನ್ನ ಮಣಿಕಟ್ಟು ಹಿಡಿದಳು.

"ತಡಿ. ಕಟ್ ಮಾಡ್ತಾಳ. ಎತ್ತಿದ್ರ ಅಕಿ ನಿಮಿಷ ಹೋಗ್ತಾವ."

ಫೋನು ಹೊಡೆಯುತ್ತಲೇ ಇತ್ತು. ಗೂಡಿನ ಹಲಗೆಯ ಮೇಲೆ ಅದು ನಡುಗುತ್ತ ಅಂಚಿಗೆ ಬಂತು. ಅವ್ವನ ಹಿಡಿತ ಸಡಿಲವಾಗಲಿಲ್ಲ, ನನ್ನ ಕಣ್ಣು ಅವ್ವನ ಮುಖದ ಮೇಲೆ, ಅವ್ವನ ಕಣ್ಣು ಫೋನಿನ ಮೇಲೆ. ಕೊನೆಗೆ ತಾನಾಗಿಯೇ ನಿಂತಿತು. ಎರಡನೆಯ ಸಲ ಬರುತ್ತದೆ, ಆಗ ಎತ್ತೋಣ ಎಂದು ಕಾದೆವು. ಬರಲಿಲ್ಲ. ಒಡತಿ ಬಂದಿರಬೇಕು, ಇಟ್ಟುಬಿಡಲು ಆಗಿರಲಿಕ್ಕಿಲ್ಲ ಎಂದು ಅವ್ವ ಸಮಾಧಾನ ಹೇಳಿದಳು. ನನಗೆ ಹೇಳಿದಳೋ ತನಗೆ ಹೇಳಿಕೊಂಡಳೋ ಗೊತ್ತಿಲ್ಲ. ಅವತ್ತು ಚಹಾ ರುಚಿಸಲಿಲ್ಲ.

ಮರುದಿನ ಫೋನು ಬಂತು. ಒಂದೇ ಸಲ ಹೊಡೆದು ನಿಂತಿತು. ಅವ್ವ ನನ್ನನ್ನು ನೋಡಿ ನಕ್ಕಳು. ನೋಡಿದೇನು, ಸುಮ್ಮನೆ ಜೀವ ಹಾರಿಸಿಕೊಂಡೆ ಅಂದಳು. ನಾನೂ ನಕ್ಕೆ. ಹಾಗೆ ನಕ್ಕೆವಲ್ಲ ಎಂಬುದು ಈಗಲೂ ನನ್ನನ್ನು ಹಿಡಿದುಕೊಂಡಿದೆ, ಬಿಡುವುದಿಲ್ಲ.

ಅಲ್ಲಿಂದ ದಿನಾ ಬಂತು. ಆದರೆ ಹೊತ್ತು ಬದಲಾಗಿತ್ತು. ಬಸ್ಸು ಹೋಗಿ, ಶಾಲೆಯ ಮಕ್ಕಳು ಹೋಗಿ, ರಸ್ತೆ ಖಾಲಿಯಾದ ಮೇಲೆ ಬರುತ್ತಿತ್ತು. ಅದೂ ಅಳುಕಿ ಅಳುಕಿ, ಅರ್ಧಕ್ಕೇ ಕತ್ತರಿಸಿದ ಹಾಗೆ. ಅಕ್ಕ ಫೋನು ಮಾಡಿದರೆ ಅದರ ಗಂಟೆಯಲ್ಲೇ ಒಂದು ಗತ್ತು ಇರುತ್ತಿತ್ತು ಎಂದು ನಾನು ಹೇಳಿದರೆ ಅವ್ವ ಹುಚ್ಚಿ ಎಂದಳು. ಗಂಟೆಗೆ ಎಂಥ ಗತ್ತು. ಮಾತಾಡುವ ದಿನ ಬಂದು ದಾಟಿತು, ಬೆನ್ನಿಗೆ ಎರಡನೆಯ ಫೋನು ಬರಲಿಲ್ಲ. ಸ್ಲ್ಯಾಬಿಗೆ ಉಳಿಸುತ್ತಿದ್ದಾಳೆ ಎಂದಳು ಅವ್ವ. ನನಗೆ ಸರಿ ಅನ್ನಿಸಲಿಲ್ಲ. ದಿನಾ ಫೋನು ಹೊಡೆದಾಗ ಬಾಗಿಲಾಚೆ ಯಾರೋ ಬಂದು ನಿಂತು, ಒಳಗೆ ಬಾರದೆ, ಒಮ್ಮೆ ಬಡಿದು ತಿರುಗಿ ಹೋದಂತಿತ್ತು.

ತಾಳಲಾರದೆ ಒಂದು ದಿನ ರಜೆ ಹಾಕಿ ಕಂಪ್ಲಿ ಬಸ್ಸು ಹತ್ತಿದೆ. ಏಜೆಂಟನ ಕೋಣೆ ಅಕ್ಕಿ ಗಿರಣಿಯ ಹತ್ತಿರ, ಮೆಟ್ಟಿಲ ಮೇಲೆಲ್ಲ ತೌಡಿನ ಧೂಳು. ನನ್ನನ್ನು ನೋಡಿದವನೇ ಎದ್ದು ನಿಂತ. ಬರ್ರಿ, ಕುಂದ್ರಿ ಅಂದ. ಚಹಾ ತರಿಸಿದ. ಹಿಂದೆ ಯಾವತ್ತೂ ನಮಗಾಗಿ ಎದ್ದು ನಿಂತವನಲ್ಲ. ನಾನೇ ಬರಬೇಕೆಂದಿದ್ದೆ, ಹೇಗೆ ಹೇಳುವುದೋ ತಿಳಿಯಲಿಲ್ಲ ಎಂದು ತೊದಲುತ್ತ ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದ. ಅಕ್ಕನ ಪಾಸ್‌ಪೋರ್ಟಿನ ನಕಲು. ಅದರ ಜೊತೆ ಇನ್ನೊಂದು ಹಾಳೆ, ಸತ್ತಿದ್ದಾಳೆ ಎಂದು. ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಬಿದ್ದಳಂತೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತಂತೆ. ಹೆಣ ಶವಾಗಾರದಲ್ಲಿದೆ, ಒಪ್ಪಿಗೆಯ ಕಾಗದಕ್ಕೆ ತಾಯಿಯ ಹೆಬ್ಬೆಟ್ಟು ಬಿದ್ದರೆ ಮಾತ್ರ ಕಳಿಸುತ್ತಾರೆ. ದಿನ ಯಾವುದು ಎಂದು ಕೇಳಿದೆ. ಹೇಳಿದ. ಮನೆಯಲ್ಲಿ ಫೋನು ಉದ್ದಕ್ಕೆ ಹೊಡೆದುಕೊಂಡ ದಿನದ ಹಿಂದಿನ ದಿನ ಅದು.

ನಾನು ಅವನನ್ನು ಬಾಯಿಗೆ ಬಂದ ಹಾಗೆ ಬೈದೆ. ಅಕ್ಕ ಇವತ್ತು ಬೆಳಿಗ್ಗೆ ಫೋನು ಮಾಡಿದ್ದಾಳೆ, ನಿನ್ನೆಯೂ ಮಾಡಿದ್ದಾಳೆ, ಯಾರದೋ ಸಾವನ್ನು ನಮ್ಮ ತಲೆಗೆ ಕಟ್ಟಲು ಬಂದೆಯಾ ಎಂದು ಕೂಗಾಡಿದೆ. ಅವನು ಕಾಗದಗಳನ್ನೆಲ್ಲ ಮಡಚಿ ನನ್ನ ಕೈಗಿಟ್ಟ. ಬಸ್ಸಿನಲ್ಲಿ ಬರುವಾಗ ಕಬ್ಬಿನ ಗದ್ದೆಗಳ ನಡುವೆ ನನಗೆ ನಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ, ಸತ್ತವರು ಫೋನು ಮಾಡುತ್ತಾರೇನು ಎಂದು. ಮುಂದಿನ ಸೀಟಿನವರು ತಿರುಗಿ ನೋಡಿದರು.

ಮನೆಗೆ ಬಂದು ದೇವರ ಫೋಟೋದ ಹಿಂದಿನಿಂದ ಕಾರ್ಡು ತೆಗೆದು ಕೆರೆದೆ. ಪ್ರಾಣ ಹೋಗುವಂಥದ್ದಿದ್ದರೆ ಮಾತ್ರ ಎಂದಿದ್ದಳಲ್ಲ. ಮೇಲಿನ ಮನೆಯ ನಂಬರಿಗೆ ಮಾಡಿದೆ. ಯಾವುದೋ ಹೆಂಗಸು ಎತ್ತಿ ನನಗೆ ತಿಳಿಯದ ಭಾಷೆಯಲ್ಲಿ ಗದರಿ ಇಟ್ಟಳು. ಮತ್ತೆ ಮಾಡಿದೆ, ಮತ್ತೆ ಗದರಿದಳು. ಊರೆಲ್ಲ ಹುಡುಕಿ ತಂದಿದ್ದ ಒಳ್ಳೆಯ ಕಾರ್ಡು ಬರೀ ಹಲೋ, ಹಲೋದಲ್ಲಿ ಮುಗಿದು ಹೋಯಿತು.

ಅವ್ವ ಅಳಲಿಲ್ಲ. ಕಾಗದದ ಮೇಲಿನ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದಳು.

"ಫೋಟೋ ಅಕೀದು. ಸಾವು ಬ್ಯಾರೆ ಯಾರ್ದೋ" ಅಂದಳು.

ಸಂಡೂರಿನಿಂದ ಸೋದರಮಾವ ಬಂದ. ಅವ್ವನ ತಮ್ಮ, ಅದಿರಿನ ಲಾರಿ ಓಡಿಸುವವನು, ಮೈಯೆಲ್ಲ ಕೆಂಪು ಧೂಳಿನಲ್ಲೇ ಓಡಿ ಬಂದಿದ್ದ. ಹೊಸಪೇಟೆಗೆ ಹೋಗಿ ತಿಳಿದವರಿಗೆ ಕಾಗದ ತೋರಿಸಿದ, ಎಲ್ಲರೂ ನಿಜ ಎಂದರು. ಅವ್ವ ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ. ದಿನಾ ಫೋನು ಹೊಡೆಯುತ್ತಿತ್ತು, ಅವ್ವ ಎದ್ದು ಹೋಗಿ ಒಲೆ ಹಚ್ಚುತ್ತಿದ್ದಳು. ಸಾವಾದ ಮನೆಯಲ್ಲಿ ಹೆಣ ಮಣ್ಣಾಗುವವರೆಗೆ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಬುತ್ತಿ ತಂದು ಕೊಡುತ್ತಾರೆ. ಸುದ್ದಿ ತಿಳಿದು ರೊಟ್ಟಿ, ಪಲ್ಯ ಕಟ್ಟಿಕೊಂಡು ಬಂದ ನೆರೆಯವಳನ್ನು ಅವ್ವ ಬಾಗಿಲಲ್ಲೇ ನಿಲ್ಲಿಸಿ, ನಮ್ಮ ಒಲಿ ಉರಿಯಾಕತ್ತದ ನೋಡು ಎಂದು ತೋರಿಸಿ ಕಳಿಸಿದಳು. ಬಂದವಳು ಬುತ್ತಿ ಹಿಡಿದುಕೊಂಡು ಅಳುತ್ತ ಹೋದಳು. ಅಲ್ಲಿ, ಯಾವುದೋ ತಣ್ಣನೆಯ ಕೋಣೆಯಲ್ಲಿ, ನನ್ನ ಅಕ್ಕ ಒಂದು ಹೆಬ್ಬೆಟ್ಟಿಗಾಗಿ ಕಾಯುತ್ತ ಮಲಗಿದ್ದಳು. ಇಲ್ಲಿ ಅವಳ ಗಂಟೆ ಕೇಳಿ ನಾವು ಚಹಾ ಕುಡಿಯುತ್ತಿದ್ದೆವು. ಎರಡರಲ್ಲಿ ಒಂದು ಸುಳ್ಳು. ಅಕ್ಕ ಬದುಕಿದ್ದಾಳೆಂಬುದೇ ಸುಳ್ಳಾಗದಿರಲಿ ಎಂದು ನಾನು ಬೇಡದ ದೇವರಿಲ್ಲ.

ಮಾವ ಒಂದು ಮಾತು ಹೇಳಿದ. ಇಷ್ಟೆಲ್ಲ ಯಾಕೆ, ನಾಳೆ ಫೋನು ಬಂದಾಗ ಎತ್ತಿಬಿಡಿ, ಇತ್ಯರ್ಥವಾಗುತ್ತದೆ ಅಂದ. ಅವ್ವ ಅವನ ಮೇಲೆ ಹಾರಿದಳು. ಮಗಳು ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ ನಿಮಿಷ, ನಿನ್ನ ಅನುಮಾನಕ್ಕೆ ಖರ್ಚು ಮಾಡಲೇನು ಎಂದಳು. ನಿಮಿಷದ ಚಿಂತೆ ಅಲ್ಲ ಅದು, ಮೂವರಿಗೂ ಗೊತ್ತಿತ್ತು. ಎತ್ತದಿದ್ದರೆ ಅಕ್ಕ ಇದ್ದಳು.

ಮರುದಿನ ನಾನು ಗೂಡಿನ ಪಕ್ಕದಲ್ಲೇ ನಿಂತೆ. ಅವ್ವ ಎಂದಿನಂತೆ ವಿಭೂತಿ ಹಚ್ಚಿಕೊಂಡು ಎದುರಿಗೆ ಕೂತಿದ್ದಳು. ಮಾವ ಹೊಸ್ತಿಲ ಮೇಲೆ. ಮಕ್ಕಳು ಶಾಲೆಗೆ ಹೋದರು, ರಸ್ತೆ ಖಾಲಿಯಾಯಿತು. ಅವ್ವ ತಡೆಯಬಹುದು ಎಂದು ಅವಳ ಕೈಯನ್ನೇ ನೋಡುತ್ತಿದ್ದೆ. ಅವಳ ಕೈ ಮಡಿಲಲ್ಲೇ ಇತ್ತು. ಫೋನು ಮೊದಲ ಸದ್ದು ಮಾಡುತ್ತಿದ್ದಂತೆ ಎತ್ತಿ ಕಿವಿಗೆ ಒತ್ತಿಕೊಂಡೆ.

ಅತ್ತ ಉಸಿರಾಟ ಕೇಳಿಸಿತು. ನಾನು ಅಕ್ಕಾ ಅಂದೆ.

"ಯಾಕ ಎತ್ತಿದ್ರಿ?"

ನಮ್ಮ ಮಾತೇ. ನಮ್ಮ ಅಡುಗೆಮನೆಯ ಮಾತು, ನಮ್ಮ ಅಕ್ಕನ ರಾಗ, ಮಾತಿನ ಕೊನೆ ಎಳೆಯುವ ಅದೇ ರೀತಿ. ಬದುಕಿದ್ದಾಳೆ ಎಂದು ನಾನು ಕಿರುಚಿಯೇಬಿಟ್ಟೆ. ಅವ್ವ ಎದ್ದು ನಿಂತಳು. ಆದರೆ ಅತ್ತಲವಳು ಅಳಲು ಶುರುಮಾಡಿದಾಗ ಆ ಅಳು ಅಕ್ಕನದಾಗಿರಲಿಲ್ಲ. ಅದು ಮೇಲಿನ ಮನೆಯ ತೆಲುಗು ಹುಡುಗಿ. ಅವಳಿಗೆ ಬರುತ್ತಿದ್ದ ಕನ್ನಡವೆಲ್ಲ ಅಕ್ಕನ ಬಾಯಿಂದ ಕಲಿತದ್ದು. ಅಕ್ಕ ಹೇಗೆ ಅನ್ನುತ್ತಿದ್ದಳೋ ಹಾಗೆಯೇ ಅನ್ನುತ್ತಿದ್ದಳು, ಬೇರೆ ರೀತಿ ಅವಳಿಗೆ ಗೊತ್ತಿರಲಿಲ್ಲ. ನನ್ನ ಅಕ್ಕ ಸತ್ತ ಸುದ್ದಿಯನ್ನು ನಾನು ಅಕ್ಕನದೇ ಮಾತಿನಲ್ಲಿ ಕೇಳಿದೆ.

ಅಕ್ಕನನ್ನು ಕೆಳಗಿಳಿಸಿಕೊಂಡು ಹೋಗುವಾಗ ಆ ಹುಡುಗಿ ಮೆಟ್ಟಿಲಲ್ಲಿ ಸಿಕ್ಕಿದ್ದಳಂತೆ. ಅವ್ವನಿಗೆ ಒಂದು ರಿಂಗ್ ಕೊಡು, ತಪ್ಪಿಸಬೇಡ ಎಂದಷ್ಟೇ ಅಕ್ಕ ಹೇಳಿದ್ದಂತೆ. ಹುಡುಗಿಯ ಹತ್ತಿರ ಅಕ್ಕನ ಕಾರ್ಡು ಇತ್ತು. ಮರುದಿನ ತನ್ನ ಒಡತಿ ಹೊರಗೆ ಹೋಗುವವರೆಗೆ ಕಾದು ಫೋನು ಮಾಡಿದ್ದಾಳೆ, ಸುದ್ದಿ ಹೇಳಿಬಿಡಬೇಕೆಂದು.

"ಉದ್ದಕ ಹೊಡದೆ, ನೀವು ಎತ್ತಲಿಲ್ಲ. ಅವಾಗ ನೆನಪಾತು, ಅವರು ಎತ್ತಂಗಿಲ್ಲ ಅಂತ ಅಕ್ಕ ಹೇಳಿದ್ದಳು. ಅದಕ ದಿನಾ ಹೊಡಿಯಾಕ ಧೈರ್ಯ ಬಂತು. ಎತ್ತಿದ್ರ ನಾನು ಏನಂತ ಹೇಳ್ತಿದ್ದೆ?"

ನನಗೆ ಅವಳನ್ನು ಬೈಯಬೇಕೆನಿಸಿತು. ನಿನ್ನ ಒಂದೊಂದು ರಿಂಗಿಗೂ ನಾವು ಚಹಾ ಕುಡಿದೆವು ಎಂದು ಹೇಳಬೇಕೆನಿಸಿತು. ಬಾಯಿಗೆ ಬಂದದ್ದು ಒಂದೇ ಪ್ರಶ್ನೆ, ಇದು ಯಾವ ಕಾರ್ಡು ಎಂದು. ಸ್ಲ್ಯಾಬಿನದು ಎಂದಳು. ಇನ್ನೂ ಹಾಗೇ ಇತ್ತು, ಇವತ್ತು ನೀವು ಎತ್ತಿದ್ದರಿಂದ ಓಡುತ್ತಿದೆ ಎಂದಳು. ಅಕ್ಕ ಕಾಂಕ್ರೀಟಿನ ಶಬ್ದ ಕೇಳಲು ಇಟ್ಟುಕೊಂಡಿದ್ದ ನಿಮಿಷಗಳು ಅವು. ಹಿತ್ತಲ ಬಾಗಿಲು ತೆರೆದಿತ್ತು, ಸರಳುಗಳು ಕಾಣುತ್ತಿದ್ದವು.

ಅವ್ವ ಕೈ ಚಾಚಿದಳು. ಫೋನು ಕೊಟ್ಟೆ. ಅವ್ವನಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ, ನನ್ನ ಮುಖ ಸಾಕಾಗಿತ್ತು. ಅವಳು ಆ ಹುಡುಗಿಯ ಅಳುವನ್ನು ಕೇಳುತ್ತ ನಿಂತಳು, ಎಷ್ಟೋ ಹೊತ್ತು. ಹಿಂದೆ ಅಕ್ಕ ಇವಳ ಅಳುವನ್ನು ಕೇಳುತ್ತಿದ್ದ ಹಾಗೆ. ನಿಮಿಷ ಹೋಗುತ್ತವೆ ಎಂದು ಈ ಸಲ ಯಾರೂ ಅನ್ನಲಿಲ್ಲ. ನಿನಗೆ ಯಾರಿದ್ದಾರೆ, ನೀನು ಯಾರಿಗೆ ರಿಂಗ್ ಕೊಡುತ್ತಿ ಎಂದು ಅವ್ವ ಕೇಳಿದಳು. ಅತ್ತಲಿಂದ ಬಂದ ಉತ್ತರ ನನಗೆ ಕೇಳಿಸಲಿಲ್ಲ. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹಂಗಾರ ನಾಳೆನೂ ಹೊಡಿಯವ್ವ" ಅಂದಳು. "ನಾವು ಎತ್ತಂಗಿಲ್ಲ."

ಫೋನನ್ನು ಗೂಡಿನಲ್ಲಿಟ್ಟು, ಮಾವನ ಕಡೆ ತಿರುಗಿ ಕಾಗದ ತೆಗೆ ಎಂದಳು. ಮಾವ ಮಸಿಯ ಡಬ್ಬಿ ತೆರೆದ. ಅವ್ವ ಹೆಬ್ಬೆಟ್ಟು ಒತ್ತಿದಳು, ಒತ್ತಿ ಅದನ್ನು ಸೀರೆಗೆ ಒರೆಸಿಕೊಂಡಳು. ಮಾವ ಕಂಪ್ಲಿಗೆ ಹೋದ.

ಮರುದಿನ ಬೆಳಿಗ್ಗೆ ಅವ್ವ ಸ್ನಾನ ಮಾಡಲಿಲ್ಲ, ಅಂಗಳಕ್ಕೆ ನೀರೂ ಹಾಕಲಿಲ್ಲ. ಹಾಗೆಯೇ ಬಂದು ಗೂಡಿನ ಎದುರು ಕೂತಳು. ನಾನೂ ಪಕ್ಕದಲ್ಲಿ ಕೂತೆ. ಬಸ್ಸು ಹೋಯಿತು, ಮಕ್ಕಳು ಹೋದರು. ಫೋನು ಒಂದು ಸಲ ಹೊಡೆದುಕೊಂಡು ನಿಂತಿತು.

ಅವ್ವ ಒಲೆ ಹಚ್ಚಲಿಲ್ಲ.